ಹೊಳೆಗಿಂತ ಎತ್ತರದ ಊರು

ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್ ಅಣೆಕಟ್ಟಿನ ನೀರು ಮಂಡ್ಯಕ್ಕೆ ಇಳಿಯುತ್ತದೆ, ಮೈಸೂರಿಗೆ ಹತ್ತಬೇಕಾಗುತ್ತದೆ. ಈ ಸೀಮೆಯ ಬದುಕು, ಬೆಳೆ, ಕಾರ್ಖಾನೆ, ಸಂಬಳ, ಸಾಲ ಎಲ್ಲವನ್ನೂ ಈ ಒಂದು ಮಾತಿನಿಂದ ಶುರುಮಾಡಬಹುದು. ಶ್ರೀರಂಗಪಟ್ಟಣ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ. ಮಂಡ್ಯವೂ ಹೆಚ್ಚು ಕಮ್ಮಿ ಅಷ್ಟೇ. ಮೈಸೂರು 770ರ ಆಸುಪಾಸು. ಪಟ್ಟಣದಿಂದ ಮೈಸೂರಿಗೆ ಹದಿನೈದು ಕಿಲೋಮೀಟರ್ ದಾರಿ, ಬಸ್ಸಿನಲ್ಲಿ ಕೂತವರಿಗೆ ಏರು ಗೊತ್ತೇ ಆಗುವುದಿಲ್ಲ. ನೀರಿಗೆ ಗೊತ್ತಾಗುತ್ತದೆ. ತೊಂಬತ್ತು ಮೀಟರ್ ಅಂದರೆ ಮೂವತ್ತು ಅಂತಸ್ತಿನ ಕಟ್ಟಡದಷ್ಟು.

ಹಾಗಾದರೆ ಹೊಳೆ ಬಿಟ್ಟು ದಿಬ್ಬದ ಮೇಲೆ ರಾಜಧಾನಿ ಕಟ್ಟಿದ್ದೇಕೆ? ಮೊದಲು ಹಾಗಿರಲಿಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಹಿಡಿದು ಗದ್ದುಗೆಯನ್ನು ಅಲ್ಲಿಗೆ ಒಯ್ದರು. ಕಾವೇರಿಯೇ ಸುತ್ತ ಕಂದಕ. ಮೇಲುಗಡೆ ಹೊಳೆಗೆ ಅಡ್ಡಲಾಗಿ ಕಲ್ಲಿನ ಅಣೆಗಳು, ಅಲ್ಲಿಂದ ಚಿಕ್ಕದೇವರಾಜ ಸಾಗರ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆ. ಅನ್ನಕ್ಕೂ ನೀರಿಗೂ ಕಾವಲಿಗೂ ಒಂದೇ ಹೊಳೆ. ಆದರೆ ದ್ವೀಪಕ್ಕೆ ಬೆಳೆಯಲು ಜಾಗವಿಲ್ಲ, ಮೇಲೆ ಚಳಿಜ್ವರದ ಕಾಟ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕ ಮೈಸೂರಿನಲ್ಲಾಯಿತು. ಅಂದಿನಿಂದ ಊರು ಎತ್ತರದಲ್ಲಿ, ಹೊಳೆ ತಗ್ಗಿನಲ್ಲಿ.

ನೀರಿನ ಲೆಕ್ಕ ತಪ್ಪಿದ್ದು ಕೂಡಲೇ ಗೊತ್ತಾಯಿತು. ದಿವಾನ್ ಪೂರ್ಣಯ್ಯನವರು ಕಾವೇರಿಯಿಂದ ನಾಲೆ ತೋಡಿಸಿ ಮೈಸೂರಿಗೆ ನೀರು ತರಲು ಹೊರಟರು. ದುಡ್ಡು ಖರ್ಚಾಯಿತು, ನೆಲ ಅಗೆದದ್ದಾಯಿತು, ನೀರು ಮಾತ್ರ ಬರಲಿಲ್ಲ. ಕಾರಣ ಕಷ್ಟದ್ದೇನಲ್ಲ. ನಾಲೆಯಲ್ಲಿ ನೀರು ಹರಿಯಬೇಕಾದರೆ ಉದ್ದಕ್ಕೂ ಸಣ್ಣ ಇಳಿಜಾರು ಬೇಕೇ ಬೇಕು, ಕಿಲೋಮೀಟರಿಗೆ ಒಂದು ಗೇಣಾದರೂ. ಅಂದರೆ ನಾಲೆಯ ಬಾಯಿ ಊರಿಗಿಂತ ಎತ್ತರದಲ್ಲಿರಬೇಕು. ಹೊಳೆ ಅಷ್ಟು ಎತ್ತರದಲ್ಲಿ ಸಿಗಬೇಕಾದರೆ ಹತ್ತಾರು ಮೈಲಿ ಮೇಲಕ್ಕೆ ಹೋಗಬೇಕು, ನಡುವಿನ ಪ್ರತಿ ಹಳ್ಳವನ್ನೂ ಬಳಸಿಕೊಂಡು ಬರಬೇಕು, ದಿಬ್ಬ ಅಡ್ಡ ಬಂದರೆ ಆಳವಾಗಿ ಸೀಳಬೇಕು. ಎಲ್ಲಾದರೂ ಒಂದು ಕಡೆ ಮಟ್ಟ ತಪ್ಪಿದರೆ ಮುಗಿಯಿತು. ಪೂರ್ಣಯ್ಯ ನಾಲೆ ಎಂಬ ಹೆಸರು ಉಳಿಯಿತು. 1864ರಲ್ಲಿ ಮುಮ್ಮಡಿಯವರು ಕಟ್ಟಿಸಿದ ಕುಕ್ಕರಹಳ್ಳಿ ಕೆರೆಗೆ ಮಳೆನೀರು ಹೊರುವ ಕೆಲಸವಾದರೂ ಅದಕ್ಕೆ ಸಿಕ್ಕಿತು. ಈಗ ಮನೆ, ರಸ್ತೆಗಳ ನಡುವೆ ಆ ನಾಲೆಯನ್ನು ಹುಡುಕಿ ನೋಡಬೇಕು.

ಇವತ್ತು ಹತ್ತಿಸುವ ಕೆಲಸ ಪಂಪಿನದು. ಕಟ್ಟೆಯ ಕಡೆಯಿಂದ ನೀರೆತ್ತುವುದು ಬೆಳಗೊಳ, ಹೊಂಗಳ್ಳಿ. ಕಟ್ಟೆಯ ಕೆಳಗೆ ಹೊಳೆಯಿಂದ ಮೇಳಾಪುರ. ದಕ್ಷಿಣದಲ್ಲಿ ಕಬಿನಿಯಿಂದ ಬಿದರಗೂಡು. ನೀರು ಯಾದವಗಿರಿಯಂಥ ಎತ್ತರದ ಜಲಾಗಾರಗಳಿಗೆ ಏರಿ, ಅಲ್ಲಿಂದ ಬಡಾವಣೆಗಳಿಗೆ ಇಳಿಯುತ್ತದೆ. ಒಂದು ಸಾವಿರ ಲೀಟರ್ ನೀರನ್ನು ನೂರು ಮೀಟರ್ ಎತ್ತಲು ಲೆಕ್ಕದ ಪ್ರಕಾರ ಕಾಲು ಯೂನಿಟ್‌ಗಿಂತ ತುಸು ಹೆಚ್ಚು ವಿದ್ಯುತ್ ಸಾಕು, 0.27 ಯೂನಿಟ್. ಪಂಪು, ಮೋಟರು, ಪೈಪಿನ ಒಳಗಿನ ಉಜ್ಜಾಟ ಎಲ್ಲ ಸೇರಿ ನೂರಕ್ಕೆ ಎಪ್ಪತ್ತರಷ್ಟೇ ಕೆಲಸ ನಡೆಯುತ್ತದೆ ಎಂದುಕೊಂಡರೆ 0.4 ಯೂನಿಟ್. ನಾಲ್ಕು ಜನರ ಮನೆಗೆ ತಲಾ 135 ಲೀಟರಿನಂತೆ ತಿಂಗಳಿಗೆ ಹದಿನಾರು ಸಾವಿರ ಲೀಟರ್. ಆರೂವರೆ ಯೂನಿಟ್ ಕರೆಂಟು ನಲ್ಲಿಯಲ್ಲೇ ಹರಿದು ಹೋಯಿತು. ಒಂದು ಮನೆಗೆ ಇದು ದೊಡ್ಡದಲ್ಲ. ಎರಡು ಲಕ್ಷ ಮನೆಗೆ ಹನ್ನೆರಡು ಹದಿಮೂರು ಲಕ್ಷ ಯೂನಿಟ್, ಅದೂ ಪ್ರತಿ ತಿಂಗಳು. ನೀರಿನ ತೆರಿಗೆ ಬಾಕಿ ಬಿದ್ದರೆ ಮೊದಲು ಬಾಕಿ ಬೀಳುವುದು ಕರೆಂಟಿನ ಬಿಲ್ಲು.

ಕೆಡುವುದೂ ಇಲ್ಲೇ. ಏರುಕೊಳವೆಯಲ್ಲಿ ನೀರು ಒತ್ತಡದಲ್ಲಿ ಮೇಲಕ್ಕೆ ಹೋಗುತ್ತಿರುವಾಗ ದಿಢೀರನೆ ಕರೆಂಟು ಹೋಯಿತೆನ್ನಿ. ನೀರಿನ ಆ ಉದ್ದನೆಯ ಕಂಬ ಗಕ್ಕನೆ ನಿಂತು ಹಿಂದಕ್ಕೆ ತಿರುಗುತ್ತದೆ, ಮುಚ್ಚಿಕೊಂಡ ಕವಾಟಕ್ಕೆ ಸುತ್ತಿಗೆಯಂತೆ ಬಡಿಯುತ್ತದೆ. ಹಳೆಯ ಪೈಪಿನ ಜೋಡಣೆ ಬಿಡುವುದು, ಒಡೆಯುವುದು ಈ ಹೊಡೆತಕ್ಕೆ. ಕರೆಂಟು ಹತ್ತೇ ನಿಮಿಷಕ್ಕೆ ಬಂದರೂ ನೀರು ಹತ್ತು ನಿಮಿಷಕ್ಕೆ ಬರುವುದಿಲ್ಲ: ಖಾಲಿಯಾದ ಪೈಪು ಮತ್ತೆ ತುಂಬಬೇಕು, ಒಳಗೆ ಸಿಕ್ಕಿಬಿದ್ದ ಗಾಳಿ ಹೊರಹೋಗಬೇಕು, ಜಲಾಗಾರದ ಮಟ್ಟ ಏರಬೇಕು. ತಗ್ಗಿನ ಬಡಾವಣೆಗೆ ಮೊದಲು ಬರುತ್ತದೆ, ಏರಿನ ಕೊನೆಯ ಬೀದಿಗೆ ಮಾರನೇ ದಿನ. ಹೊಸ ಬಡಾವಣೆಯಲ್ಲಿ ಸೈಟು ಕೊಳ್ಳುವವರು ದಿಕ್ಕು, ವಾಸ್ತು ಎಲ್ಲ ನೋಡುತ್ತಾರೆ; ಜಲಾಗಾರದಿಂದ ಎಷ್ಟು ದೂರ, ಎಷ್ಟು ಎತ್ತರ ಎಂದು ಕೇಳುವವರು ಕಮ್ಮಿ.

ಮೇಲೆ ಬಂದ ನೀರು ಕೆಳಗೆ ಹೋಗಲೇಬೇಕಲ್ಲ. ಮೈಸೂರು ಜಲವಿಭಾಜಕದ ಬೆನ್ನಿನ ಮೇಲೆ ಕೂತಿದೆ. ಉತ್ತರದ ಬೀದಿಗಳ ನೀರು ಕೆಸರೆಯ ಕಡೆಯಿಂದ ಕಾವೇರಿಗೆ, ದಕ್ಷಿಣದ್ದು ವಿದ್ಯಾರಣ್ಯಪುರಂ, ದಳವಾಯಿ ಕೆರೆಯ ಕಡೆಯಿಂದ ಕಬಿನಿಗೆ. ಎರಡೂ ಸುತ್ತಿ ಸುತ್ತಿ ತಿರುಮಕೂಡಲು ನರಸೀಪುರದ ಸಂಗಮದಲ್ಲಿ ಮತ್ತೆ ಸೇರುತ್ತವೆ. ಚರಂಡಿಗೆ ಈ ಊರು ವರ: ಪಂಪೇ ಬೇಡ, ಬಿಟ್ಟರೆ ಇಳಿಯುತ್ತದೆ. ಬಿಟ್ಟರೆ ಇಳಿಯುತ್ತದೆ ಎಂಬುದೇ ತೊಂದರೆ ಕೂಡ. ಸಂಸ್ಕರಣಾ ಘಟಕವನ್ನು ತಪ್ಪಿಸಿಕೊಂಡದ್ದೆಲ್ಲ ಯಾರ ಅಪ್ಪಣೆಗೂ ಕಾಯದೆ ಮುಂದಿನ ಕೆರೆಗೆ ತಲುಪುತ್ತದೆ. ದಳವಾಯಿ ಕೆರೆ ಹಾಳಾದ ಬಗೆ ಇದೇ.

ಈಗ ಕಟ್ಟೆಗೆ ಬರೋಣ. 1911ರಲ್ಲಿ ಕೆಲಸ ಶುರುವಾಗಿ ಎರಡು ದಶಕ ನಡೆಯಿತು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಸೇರುವ ಕಡೆ, 8,600 ಅಡಿ ಉದ್ದದ ಗೋಡೆ, ಕಲ್ಲಿಗೆ ಸಿಮೆಂಟಲ್ಲ, ಸುರ್ಕಿ ಗಾರೆ: ಸುಟ್ಟ ಇಟ್ಟಿಗೆಯ ಪುಡಿ ಮತ್ತು ಸುಣ್ಣ. ಕನ್ನಂಬಾಡಿ ಊರು ಮುಳುಗಿತು, ಹೆಸರು ಕಟ್ಟೆಗೆ ಅಂಟಿಕೊಂಡಿತು. ಇದನ್ನು ರೈತರಿಗಾಗಿ ಕಟ್ಟಿದ್ದು ಎಂದೇ ಎಲ್ಲರೂ ಹೇಳುವುದು. ಅರ್ಧ ನಿಜ. ಇನ್ನರ್ಧ ಕೋಲಾರದ ಚಿನ್ನದ ಗಣಿಯದು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಗಣಿಗೆ ತಂತಿಯಲ್ಲಿ ಕಳಿಸಿದರು. ಬೆಂಗಳೂರಿನ ಬೀದಿದೀಪ 1905ರಲ್ಲಿ ಹತ್ತಿತು. ಗಣಿಯವರಿಗೆ ವರ್ಷವಿಡೀ ಒಂದೇ ಸಮ ವಿದ್ಯುತ್ ಬೇಕು, ಹೊಳೆ ಬೇಸಿಗೆಯಲ್ಲಿ ಸೊರಗುತ್ತದೆ. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಬಿಡಲು ಮೇಲೊಂದು ಕಟ್ಟೆ ಬೇಕಾಯಿತು. ಸಂಸ್ಥಾನದ ಬೊಕ್ಕಸಕ್ಕೆ ಗಣಿಯ ದುಡ್ಡು ಖಚಿತ, ಬೆಳೆಯ ಕಂದಾಯ ಅನುಮಾನ. ವಿಶ್ವೇಶ್ವರಯ್ಯನವರಂಥ ಲೆಕ್ಕದ ಮನುಷ್ಯರಿಗೆ ಎರಡನ್ನೂ ಒಂದೇ ಗೋಡೆಗೆ ಕಟ್ಟುವುದು ಸಹಜವಾಗಿಯೇ ತೋಚಿತು.

ಪತ್ರಿಕೆಯಲ್ಲಿ ದಿನಾ ಬರುವ ಕೆಆರ್‌ಎಸ್ ಮಟ್ಟವನ್ನು ಓದುವ ಬಗೆಯನ್ನೂ ಹೇಳಿಬಿಡುವುದು ಒಳ್ಳೆಯದು. ಗರಿಷ್ಠ 124.80 ಅಡಿ, ಆಗ 49.45 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಮಟ್ಟ ನೂರಡಿಗೆ ಬಂದರೆ ಇನ್ನೂ ನೂರಕ್ಕೆ ಎಂಬತ್ತು ಪಾಲು ನೀರಿದೆ ಎಂದು ಟೀ ಅಂಗಡಿಯಲ್ಲಿ ಲೆಕ್ಕ ಹಾಕುವವರಿದ್ದಾರೆ. ತಪ್ಪು. ಕಟ್ಟೆಯ ಹೊಟ್ಟೆ ಬಕೆಟ್ಟಿನಂತೆ ನೆಟ್ಟಗಿಲ್ಲ, ಬಾಣಲೆಯಂತೆ ಮೇಲೆ ಅಗಲ, ಕೆಳಗೆ ಕಿರಿದು. ನೂರಡಿಯಲ್ಲಿ ಉಳಿದಿರುವುದು ಅರ್ಧಕ್ಕೂ ಕಡಿಮೆ. ಮೇಲಿನ ಒಂದೊಂದು ಅಡಿಯೂ ಕೆಳಗಿನ ಎರಡು ಮೂರು ಅಡಿಗೆ ಸಮ. ಹಾಗೆಯೇ ಒಳಹರಿವು, ಹೊರಹರಿವು: 11,574 ಕ್ಯೂಸೆಕ್, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ, ಒಂದು ದಿನವಿಡೀ ಹರಿದರೆ ಒಂದು ಟಿಎಂಸಿ, ಅಂದರೆ ಸುಮಾರು 2,830 ಕೋಟಿ ಲೀಟರ್. ಐದು ಸಾವಿರ ಕ್ಯೂಸೆಕ್ ಬಿಡಲು ಆದೇಶವಾಯಿತು ಎಂದಾಗ ಹದಿನೈದು ದಿನಕ್ಕೆ ಆರೂವರೆ ಟಿಎಂಸಿ ಹೋಯಿತೆಂದು ಮನಸ್ಸಿನಲ್ಲೇ ಗುಣಿಸಿಕೊಳ್ಳಬಹುದು. ರೈತ ಸಂಘದವರಿಗೆ ಈ ಗುಣಾಕಾರ ಬಾಯಿಪಾಠ.

ಇನ್ನೊಂದು ವಿಚಿತ್ರವಿದೆ. ಈ ಕಟ್ಟೆಯನ್ನು ತುಂಬಿಸುವ ಮಳೆ ಇಲ್ಲಿ ಬೀಳುವುದೇ ಇಲ್ಲ. ಮೈಸೂರಿಗೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್, ಮಂಡ್ಯಕ್ಕೆ ಅದಕ್ಕೂ ಕೊಂಚ ಕಮ್ಮಿ, ಅದೂ ಮೇ ತಿಂಗಳಲ್ಲೊಮ್ಮೆ, ಮತ್ತೆ ಸೆಪ್ಟೆಂಬರ್ ಅಕ್ಟೋಬರಿನಲ್ಲೊಮ್ಮೆ ಜೋರು. ಕಟ್ಟೆಗೆ ಬೇಕಾದ್ದು ಜೂನ್‌ನಿಂದ ಆಗಸ್ಟಿನವರೆಗೆ ಕೊಡಗಿನಲ್ಲಿ ಬೀಳುವ ಮಳೆ. ಮಂಡ್ಯದ ಗದ್ದೆ ಬಯಲಲ್ಲಿ ಬಿಸಿಲು ಕಾಯುತ್ತಿರುವಾಗ ಜನ ಕೇಳುವುದು ಮಡಿಕೇರಿಯ ಸುದ್ದಿ. ದಕ್ಷಿಣದಲ್ಲಿ ಕಬಿನಿಯ ಕತೆಯೂ ಹೀಗೇ: ವಯನಾಡಿನಲ್ಲಿ ಮಳೆ ಹಿಡಿದರೆ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗುತ್ತದೆ, ಊರಿನಲ್ಲಿ ಹನಿ ಬಿದ್ದಿರದಿದ್ದರೂ. ಹೀಗೆ ಬೇರೆಯವರ ಮಳೆಯನ್ನು ಕಟ್ಟಿಕೊಂಡು ಬದುಕುವ ಸೀಮೆ ಇದು. ಹೊಳೆಯ ಕೆಳಗಿನ ತಮಿಳುನಾಡಿನವರೂ ಅದೇ ಮಳೆಯನ್ನು ಕೇಳುತ್ತಾರೆ. 1924ರ ಒಪ್ಪಂದ, 2007ರ ನ್ಯಾಯಮಂಡಳಿಯ ಐತೀರ್ಪು, 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, ಗಡಿಯ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ಬಿಡಬೇಕೆಂಬ ಅಂಕಿ. ಅದರ ಜಗಳ ಬೇರೆಯೇ ಬರಹಕ್ಕೆ ಇರಲಿ.

ಕಟ್ಟೆಯಿಂದ ಹೊರಟ ದೊಡ್ಡ ನಾಲೆ ಹುಲಿಕೆರೆಯ ಹತ್ತಿರ ದಿಬ್ಬವನ್ನು ಕೊರೆದು ಸುಮಾರು ಎರಡೂಮುಕ್ಕಾಲು ಕಿಲೋಮೀಟರ್ ಸುರಂಗದಲ್ಲಿ ನುಗ್ಗಿ ಮಂಡ್ಯದ ಬಯಲಿಗೆ ಬೀಳುತ್ತದೆ. ಆಗ ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ, ಜನರ ಬಾಯಲ್ಲಿ ವಿ.ಸಿ. ನಾಲೆ. (ಅಂದಹಾಗೆ, ಈ ಇರ್ವಿನ್ ವೈಸರಾಯ್. ಅರಮನೆ ಕಟ್ಟಿದ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಬೇರೆ. ಇಬ್ಬರನ್ನೂ ಒಬ್ಬರೆಂದುಕೊಂಡು ಭಾಷಣ ಮಾಡುವವರಿಗೆ ಕೊರತೆಯಿಲ್ಲ.) ಪೂರ್ಣಯ್ಯನವರ ನಾಲೆಗೆ ಆಗದಿದ್ದದ್ದು ಈ ನಾಲೆಗೆ ಆಗಲು ಕಾರಣ ಜಾಣತನವಷ್ಟೇ ಅಲ್ಲ. ಇದು ಇಳಿಯುವ ಕಡೆಗೆ ಹೊರಟದ್ದು. ರಾಗಿ, ಹುರುಳಿಯ ಕೆಮ್ಮಣ್ಣಿನ ಹೊಲಗಳು, ಅಲ್ಲೊಂದು ಇಲ್ಲೊಂದು ಕೆರೆಯ ಕೆಳಗಿನ ಗದ್ದೆ ಇದ್ದ ನಾಡು ಕೆಲವೇ ವರ್ಷದಲ್ಲಿ ಹಸಿರಾಯಿತು. ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ, ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ನರ ಹಟದಿಂದ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ನಾಲೆ ಮೊದಲು, ಕಾರ್ಖಾನೆ ಆಮೇಲೆ, ಜಿಲ್ಲೆ ಕೊನೆಗೆ.

ನಾಲೆಯನ್ನು ರೂಪಿಸಿದವರು ಬೇಕಾದ್ದು ಬೆಳೆದುಕೊಳ್ಳಿ ಎಂದು ನೀರು ಬಿಟ್ಟಿರಲಿಲ್ಲ. ಬ್ಲಾಕ್ ಪದ್ಧತಿ ಎಂಬುದಿತ್ತು. ಒಂದು ಬ್ಲಾಕಿನ ಜಮೀನನ್ನು ಮೂರು ಪಾಲು ಮಾಡಿ, ಒಂದರಲ್ಲಿ ಕಬ್ಬು, ಒಂದರಲ್ಲಿ ಭತ್ತ, ಒಂದರಲ್ಲಿ ರಾಗಿಯಂಥ ಅರೆಖುಷ್ಕಿ, ಅಂದರೆ ಕಮ್ಮಿ ನೀರಿನ ಬೆಳೆ. ಮಾರನೇ ವರ್ಷ ಪಾಲು ಬದಲು. ನೀರು ಹಂಚಿಹೋಗಬೇಕು, ಮಣ್ಣಿಗೆ ಬಿಡುವು ಸಿಗಬೇಕು. ಕಾಗದದ ಮೇಲೆ ಇದಕ್ಕಿಂತ ಚೊಕ್ಕ ಯೋಜನೆ ಇಲ್ಲ. ಆದರೆ ನೀರು ಕಂಡ ರೈತ ರಾಗಿ ಬಿತ್ತುತ್ತಾನೆಯೇ? ಭತ್ತಕ್ಕೆ ಒಂದು ಬೆಳೆಗೆ ಹೊಲದ ಮೇಲೆ ನಾಲ್ಕು ಅಡಿ ನೀರು ನಿಲ್ಲಿಸಿದಷ್ಟು ಬೇಕು. ಈ ಲೆಕ್ಕದಲ್ಲಿ ಒಂದು ಟಿಎಂಸಿಗೆ 5,700 ಎಕರೆ. ಕಬ್ಬು ವರ್ಷವಿಡೀ ನಿಲ್ಲುವುದರಿಂದ ಇನ್ನೂ ಹೆಚ್ಚು. ರಾಗಿಗೆ ಇದರ ಮೂರನೇ ಒಂದು ಪಾಲು ಸಾಕು. ತಲೆಕಟ್ಟಿನವರು, ಅಂದರೆ ನಾಲೆಯ ಮೊದಲ ಭಾಗದವರು, ಎಲ್ಲವನ್ನೂ ಭತ್ತ ಕಬ್ಬು ಮಾಡಿಕೊಂಡರು, ತೂಬಿನ ಬಾಯಿ ದೊಡ್ಡದಾಯಿತು, ಕೊನೇ ಭಾಗದವರ ನಾಲೆಯಲ್ಲಿ ಗಿಡ ಬೆಳೆಯಿತು.

ಅಭಾವದ ವರ್ಷದಲ್ಲಿ ‘ಕಟ್ಟು ನೀರು’ ಬರುತ್ತದೆ: ಇಷ್ಟು ದಿನ ಹರಿಸುವುದು, ಇಷ್ಟು ದಿನ ನಿಲ್ಲಿಸುವುದು. ಕೇಳಲು ನ್ಯಾಯವಾಗಿದೆ. ಆದರೆ ನಾಲೆ ಒಣಗಿ ನಿಂತು ಮತ್ತೆ ಹರಿಯಲು ಶುರುವಾದಾಗ ಮೊದಲ ದಿನಗಳ ನೀರನ್ನು ನಾಲೆಯ ತಳವೇ ಕುಡಿಯುತ್ತದೆ, ಆಮೇಲೆ ತಲೆಕಟ್ಟು. ಕೊನೆಗೆ ತಲುಪುವ ಹೊತ್ತಿಗೆ ಕಟ್ಟು ಮುಗಿದು ಗೇಟು ಇಳಿಸುವ ದಿನ ಬಂದಿರುತ್ತದೆ. ನಾಲೆಗೆ ಕಾಂಕ್ರೀಟ್ ಹಾಸಿದರೆ ಸೋರಿಕೆ ನಿಲ್ಲುತ್ತದೆ, ನಿಜ. ಜೊತೆಗೆ ನಾಲೆಯ ಬದಿಯ ಬಾವಿಗಳ ಒರತೆಯೂ ಇಳಿಯುತ್ತದೆ. ಅದನ್ನೇ ನಂಬಿದ್ದ ತೆಂಗಿನ ತೋಟದವರು ಆಮೇಲೆ ಬೋರು ಕೊರೆಸುತ್ತಾರೆ. ನಾಲೆಯ ಮೇಲೆ ಹಗಲು ರಾತ್ರಿ ಓಡಾಡಿ ನೀರು ಬಿಡುವ ಸೌಡಿಗೆ ಇದೆಲ್ಲ ಗೊತ್ತು. ತೂಬಿನ ಬೀಗ ಅವನ ಕೈಯಲ್ಲಿ, ಅದನ್ನು ರಾತ್ರಿ ಎತ್ತುವ ಕೈಗಳು ಬೇರೆ.

ಕಬ್ಬಿನ ಮಾತು ಬಂದ ಮೇಲೆ ಆಲೆಮನೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಮಂಡ್ಯದ ನಿಜವಾದ ಲೆಕ್ಕಪತ್ರ ಇಲ್ಲಿದೆ. ಕಡಿದ ಕಬ್ಬು ಕಾಯುವುದಿಲ್ಲ. ಒಂದು ದಿನ ದಾಟಿದರೆ ತೂಕ ಇಳಿಯುತ್ತದೆ, ಒಳಗಿನ ಸಕ್ಕರೆ ಒಡೆದು ಹರಳುಗಟ್ಟದ ಸಕ್ಕರೆಯಾಗುತ್ತದೆ. ಕಾರ್ಖಾನೆಯ ಗೇಟಿನಲ್ಲಿ ಎರಡು ದಿನ ಸಾಲು ನಿಂತ ಲಾರಿಯಿಂದ ನಷ್ಟ ರೈತನಿಗೂ ಹೌದು, ಕಾರ್ಖಾನೆಗೂ ಹೌದು. ಆಲೆಮನೆಯಲ್ಲಿ ಬೆಳಗ್ಗೆ ಕಡಿದದ್ದು ಸಂಜೆಯೊಳಗೆ ಅರೆದಿರುತ್ತದೆ. ಗಾಣದಿಂದ ಬಂದ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಬಿಟ್ಟು, ಒಣಗಿದ ಕಬ್ಬಿನ ಸಿಪ್ಪೆಯನ್ನೇ ಒಲೆಗೆ ತಳ್ಳುತ್ತಾರೆ. ಕಾಯತೊಡಗಿದಾಗ ಸುಣ್ಣದ ತಿಳಿ ಹಾಕುತ್ತಾರೆ, ಹುಳಿ ಮುರಿಯಲಿ ಎಂದು; ಕಶ್ಮಲವೆಲ್ಲ ಮಡ್ಡಿಯಾಗಿ ಮೇಲೆ ಬರುತ್ತದೆ, ಜಾಲರಿಯಿಂದ ಬಾಚಿ ತೆಗೆಯುತ್ತಾರೆ. ರಾಸಾಯನಿಕ ಬೇಡವೆನ್ನುವವರು ಬೆಂಡೆ ಗಿಡ ಜಜ್ಜಿದ ಲೋಳೆ ಹಾಕುತ್ತಾರೆ, ಅದೂ ಇದೇ ಕೆಲಸ ಮಾಡುತ್ತದೆ. ಸುಣ್ಣ ಕಮ್ಮಿಯಾದರೆ ಬೆಲ್ಲ ಮೆತ್ತಗೆ, ಹೆಚ್ಚಾದರೆ ಕಪ್ಪು. ಪಾಕ ಸುಮಾರು 118 ಡಿಗ್ರಿಗೆ ಬಂದಾಗ ಹದ. ಥರ್ಮಾಮೀಟರ್ ಯಾರೂ ಇಡುವುದಿಲ್ಲ. ತಣ್ಣೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನೆಲಕ್ಕೆ ಬಡಿದು ಸದ್ದು ಕೇಳುತ್ತಾರೆ. ನೂರು ಕಿಲೋ ಕಬ್ಬಿಗೆ ಹತ್ತು ಹನ್ನೊಂದು ಕಿಲೋ ಬೆಲ್ಲ. ಅಚ್ಚು, ಬಕೆಟ್, ಕುರಿಕಾಟು ಎಂದು ಮಂಡ್ಯದ ಮಾರುಕಟ್ಟೆಯಲ್ಲಿ ಬೇರೆ ಬೇರೆ ಹೆಸರು, ಬೇರೆ ಬೇರೆ ದರ.

ಬೆಲ್ಲ ಕಟ್ಟದೆ ಜಿಗುಟಾಗಿಯೇ ಉಳಿದರೆ ತಪ್ಪು ಬಹುಪಾಲು ಹೊಲದಲ್ಲಿರುತ್ತದೆ: ಯೂರಿಯಾ ಹೆಚ್ಚು ಸುರಿದದ್ದು, ಮಲಗಿದ ಕಬ್ಬು, ಚೌಳು ನೆಲ. ಮಂಡ್ಯದಲ್ಲಿ ನೀರು ನಿಂತೂ ನಿಂತೂ ಚೌಳಾದ ಗದ್ದೆಗಳು ಕಮ್ಮಿಯಿಲ್ಲ. ಗಿರಾಕಿಗೆ ಬೆಳ್ಳನೆ ಬೆಲ್ಲವೇ ಬೇಕು. ಅದಕ್ಕೆ ಬಣ್ಣ ತೆಗೆಯುವ ಹೈಡ್ರೋಸ್ ಎಂಬ ರಾಸಾಯನಿಕ ಹಾಕುವುದು, ಸಕ್ಕರೆ ಅಗ್ಗವಾದಾಗ ಸಕ್ಕರೆಯನ್ನೇ ಕರಗಿಸಿ ಬೆರೆಸುವುದು ನಡೆದಿದೆ. ಬೆಲ್ಲದ ಹೆಸರು ಕೆಡಿಸಿದ್ದು ಇದು. ಕಂದು ಬಣ್ಣದ ಬೆಲ್ಲ ಹಳೆಯದಲ್ಲ, ಅದೇ ಸರಿಯಾದದ್ದು ಎಂದು ಕೊಳ್ಳುವವರು ಒಪ್ಪಿಕೊಳ್ಳುವ ತನಕ ಆಲೆಮನೆಯವರೊಬ್ಬರನ್ನೇ ಬೈದು ಫಲವಿಲ್ಲ.

ಕಾರ್ಖಾನೆಗೆ ಕಬ್ಬು ಹಾಕಿದರೆ ಹದಿನಾಲ್ಕು ದಿನದಲ್ಲಿ ಹಣ ಕೊಡಬೇಕೆಂದು ಕಾನೂನಿದೆ. ಹದಿನಾಲ್ಕು ತಿಂಗಳು ಕಾದವರೂ ಇದ್ದಾರೆ. ಮೇಲಾಗಿ ತೆಂಕಣ ಕಬ್ಬಿನಲ್ಲಿ ಸಕ್ಕರೆ ಇಳುವರಿ ಬೆಳಗಾವಿ ಕಡೆಗಿಂತ ಕಮ್ಮಿ. ಮಾಗುವ ಹೊತ್ತಿಗೆ ಅಲ್ಲಿನಷ್ಟು ಚಳಿ ಇಲ್ಲಿಲ್ಲ. ತೂಕ ಬರುತ್ತದೆ, ಸಿಹಿ ಅಷ್ಟು ಬರುವುದಿಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಹೊಸ ತಳಿಗಳನ್ನು ಎಬ್ಬಿಸಿದ್ದು ಈ ಕೊರತೆಗಾಗಿಯೇ. ಹೀಗಾಗಿ ವರ್ಷಕ್ಕೊಮ್ಮೆ ಬರುವ ಕಬ್ಬಿನ ದುಡ್ಡು ಸಾಲ ತೀರಿಸಲು, ಮದುವೆಗೆ, ಮನೆ ಕಟ್ಟಲು. ಮನೆ ನಡೆಯುವುದು ಹಾಲಿನಿಂದ. ಕಬ್ಬಿನ ಸೋಗೆ ಹಸುವಿಗೆ, ಹಸುವಿನ ಹಾಲು ಡೈರಿಗೆ, ಡೈರಿಯ ದುಡ್ಡು ವಾರಕ್ಕೋ ಹದಿನೈದು ದಿನಕ್ಕೋ ಹೆಂಗಸರ ಕೈಗೆ. ಮಂಡ್ಯವನ್ನು ಸಕ್ಕರೆ ಜಿಲ್ಲೆ ಎನ್ನುವವರು ಬೆಳಗಿನ ಆರು ಗಂಟೆಗೆ ಯಾವುದಾದರೂ ಹಳ್ಳಿಯ ಡೈರಿಯ ಮುಂದಿನ ಸಾಲು ನೋಡಬೇಕು.

ಮೇಲಿನ ಊರಿಗೆ ಮರಳೋಣ. 1831ರಲ್ಲಿ ಬ್ರಿಟಿಷ್ ಕಮಿಷನರರು ಆಡಳಿತವನ್ನು ವಹಿಸಿಕೊಂಡ ಮೇಲೆ ಕಚೇರಿಗಳು ಬೆಂಗಳೂರಿಗೆ ಹೋದವು, 1881ರಲ್ಲಿ ರಾಜ್ಯ ಅರಸರಿಗೆ ಮರಳಿದರೂ ಕಚೇರಿಗಳು ಮರಳಲಿಲ್ಲ. ಅರಮನೆ ಇಲ್ಲಿ, ದಫ್ತರು ಅಲ್ಲಿ. ಗುಮಾಸ್ತರ ದಂಡಿಲ್ಲದ ರಾಜಧಾನಿಗೆ ಬೇರೆ ಕಸುಬು ಬೇಕಾಯಿತು. ಪ್ಲೇಗಿನ ಪಾಠ ಕಲಿತು 1903ರಲ್ಲೇ ನಗರಾಭಿವೃದ್ಧಿಗೆ ವಿಶ್ವಸ್ತ ಮಂಡಳಿ ಮಾಡಿ ಅಗಲ ಬೀದಿ ಹಾಕಿದರು. 1912ರಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ, 1916ರಲ್ಲಿ ವಿಶ್ವವಿದ್ಯಾನಿಲಯ, 1917ರಲ್ಲಿ ಗಂಧದೆಣ್ಣೆ, 1937ರಲ್ಲಿ ಅರಗು ಬಣ್ಣದ ಕಾರ್ಖಾನೆ. 1962ರಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಬರುವುದು ಅಲ್ಲಿಂದಲೇ. ಸ್ವಾತಂತ್ರ್ಯ ಬಂದ ಮೇಲೆ 1950ರಲ್ಲಿ ಚೆಲುವಾಂಬ ವಿಲಾಸಕ್ಕೆ ಆಹಾರ ಸಂಶೋಧನಾಲಯ, 60ರ ದಶಕದಲ್ಲಿ ಜಾವಾ ಮೋಟರ್‌ಸೈಕಲ್, ಆಮೇಲೆ ಟಯರು, 90ರ ದಶಕದಲ್ಲಿ ನೋಟು ಮುದ್ರಣ, ಈಗ ಸಾಫ್ಟ್‌ವೇರ್ ತರಬೇತಿಯ ದೊಡ್ಡ ಆವರಣ.

ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಗಂಧದೆಣ್ಣೆ, ರೇಷ್ಮೆ ಸೀರೆ, ಶಾಯಿ, ನೋಟು, ಪದವಿ. ಎಲ್ಲವೂ ಹಗುರ, ಎಲ್ಲಕ್ಕೂ ಬೆಲೆ ಹೆಚ್ಚು, ನೀರಿನ ಖರ್ಚು ಮಿತ. ಇದನ್ನು ಯಾರೂ ಕೂತು ಹೀಗೆಂದು ಯೋಜಿಸಲಿಲ್ಲ. ಎತ್ತರದ ಮೇಲಿನ ಊರು ತಾನಾಗಿ ಆರಿಸಿಕೊಂಡದ್ದು ಎಂದು ನಮ್ಮ ಅನಿಸಿಕೆ. ನೀರು ಬೇಡುವ ಉದ್ಯಮಗಳು ಇಳಿದು ಹೋದವು: ಕಬಿನಿಯ ದಡದ ನಂಜನಗೂಡು, ಕಡಕೊಳ, ತಾಂಡ್ಯದ ಕಡೆಗೆ. ಪಶ್ಚಿಮದ ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿ, ಬೆಳವಾಡಿಯ ಕೈಗಾರಿಕಾ ಪ್ರದೇಶಗಳಲ್ಲಿ ಹೆಚ್ಚಿನವು ಯಂತ್ರದ ಬಿಡಿಭಾಗ, ಎಲೆಕ್ಟ್ರಾನಿಕ್ಸ್. ಒಂದು ಅಂದಾಜು ನೋಡಿ: ಹತ್ತು ಲಕ್ಷ ಜನಕ್ಕೆ ತಲಾ 150 ಲೀಟರಿನಂತೆ ವರ್ಷಪೂರ್ತಿ ಕೊಟ್ಟರೂ ಎರಡು ಟಿಎಂಸಿ ಮುಟ್ಟುವುದಿಲ್ಲ. ಕೆಳಗೆ ಹನ್ನೊಂದು ಸಾವಿರ ಎಕರೆ ಭತ್ತಕ್ಕೆ ಒಂದು ಬೆಳೆಗೆ ಹೋಗುವಷ್ಟು. ವಿ.ಸಿ. ನಾಲೆಯ ಅಚ್ಚುಕಟ್ಟು ಲಕ್ಷ ಎಕರೆಗೂ ಮೀರಿದ್ದು.

ದಸರೆಯ ಬಗ್ಗೆ ಎಲ್ಲರಿಗೂ ಗೊತ್ತು. ಹತ್ತು ದಿನ ಹೋಟೆಲಿಗೆ ಬಿಡುವಿಲ್ಲ, ಉಳಿದ 355 ದಿನ ಊರು ಸಂಬಳ ಮತ್ತು ಪಿಂಚಣಿಯ ಮೇಲೆ ನಡೆಯುತ್ತದೆ. ವಿಮಾನ ನಿಲ್ದಾಣ ಮಂಡಕಳ್ಳಿಯಲ್ಲಿದೆ, ರನ್‌ವೇ 1.74 ಕಿಲೋಮೀಟರ್ ಮಾತ್ರ. ರೆಕ್ಕೆಯಲ್ಲಿ ಪಂಖ ತಿರುಗುವ ಸಣ್ಣ ವಿಮಾನಕ್ಕೆ ಸಾಕು, ತುಂಬಿದ ದೊಡ್ಡ ಜೆಟ್ಟಿಗೆ ಸಾಲದು. ಉದ್ದ ಮಾಡೋಣವೆಂದರೆ ನಂಜನಗೂಡಿನ ಹೆದ್ದಾರಿಯೂ ರೈಲು ಹಳಿಯೂ ಅಡ್ಡ.

ನೀರೂ ಇಲ್ಲದ, ಕಾರ್ಖಾನೆಯೂ ಇಲ್ಲದ ಪಶ್ಚಿಮದ ಹೊಲಗಳು, ಅಂದರೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಿ ಹೊಗೆಸೊಪ್ಪು ನಿಂತಿತು. ಮುಂಗಾರಿನ ಸಾಧಾರಣ ಮಳೆಗೆ, ಹಗುರ ಕೆಮ್ಮಣ್ಣಿಗೆ ಅದು ಹೇಳಿ ಮಾಡಿಸಿದ ಬೆಳೆ. ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲಿ ಡಾಲರಿನ ಗಾಳಿ ಬೀಸಿದ ವರ್ಷ ಕೈತುಂಬ ಹಣ. ಬ್ಯಾರನ್ನಿನಲ್ಲಿ, ಅಂದರೆ ಎಲೆ ಬೇಯಿಸುವ ಮನೆಯಲ್ಲಿ, ಎಲೆ ಹದ ಮಾಡುವುದು ಐದಾರು ದಿನದ ಕೆಲಸ. ಮೊದಲು 35ರಿಂದ 40 ಡಿಗ್ರಿಯಲ್ಲಿ ತೇವವನ್ನು ಹಿಡಿದಿಟ್ಟು ಎಲೆಯನ್ನು ಹಳದಿ ಮಾಡಬೇಕು, ಆಮೇಲೆ ಗಾಳಿಕಿಂಡಿ ತೆರೆದು ಮೆಲ್ಲಗೆ ಶಾಖ ಏರಿಸಿ ಎಲೆ ಒಣಗಿಸಬೇಕು, ಕೊನೆಗೆ 70ರ ಹತ್ತಿರಕ್ಕೆ ಒಯ್ದು ನಡುದಂಟು ಒಣಗಿಸಬೇಕು. ಹಳದಿಯಾಗುವ ಮೊದಲೇ ಅವಸರಪಟ್ಟು ಬೆಂಕಿ ಏರಿಸಿದರೆ ಎಲೆ ಹಸಿರಾಗಿಯೇ ಒಣಗುತ್ತದೆ. ತಡಮಾಡಿದರೆ ಕಂದು ಚುಕ್ಕೆ. ಎರಡಕ್ಕೂ ಹರಾಜಿನಲ್ಲಿ ಬೆಲೆ ಬೀಳುತ್ತದೆ. ಒಂದು ಕಿಲೋ ಹದವಾದ ಎಲೆಗೆ ನಾಲ್ಕೈದು ಕಿಲೋ ಸೌದೆ. ಸೌದೆ ಎಲ್ಲಿಂದ ಬರುತ್ತದೆಂದು ನಾಗರಹೊಳೆಯ ಅಂಚಿನಲ್ಲಿ ಕೇಳಬೇಡಿ.

ಪೂರ್ವಕ್ಕೆ ಬೆಂಗಳೂರಿನ ದಾರಿ. 2023ರ ಮಾರ್ಚಿನಲ್ಲಿ ದಶಪಥ ಉದ್ಘಾಟನೆಯಾಗಿ ಪಯಣ ಒಂದೂವರೆ ಗಂಟೆಗೆ ಇಳಿಯಿತು. ಹೊಸ ರಸ್ತೆ ಮದ್ದೂರನ್ನು, ಮಂಡ್ಯವನ್ನು, ಚನ್ನಪಟ್ಟಣವನ್ನು ಹೊರಗಿನಿಂದಲೇ ಬಳಸಿ ಹೋಗುತ್ತದೆ. ಮದ್ದೂರು ವಡೆಗೆ, ಚನ್ನಪಟ್ಟಣದ ಬೊಂಬೆಗೆ ವ್ಯಾಪಾರವಾಗುತ್ತಿದ್ದದ್ದು ವಾಹನ ನಿಲ್ಲುತ್ತಿದ್ದುದರಿಂದ. ಈಗ ನಿಲ್ಲಬೇಕೆಂದರೆ ಮನಸ್ಸು ಮಾಡಿ ಇಳಿಯಬೇಕು.

ಆ ದಾರಿಯ ಕೊನೆಯಲ್ಲಿರುವ ಈಗಿನ ರಾಜಧಾನಿ ಇನ್ನೂ ಎತ್ತರದಲ್ಲಿದೆ, ಸುಮಾರು 920 ಮೀಟರ್. ಅದಕ್ಕೂ ಹೊಳೆಯಿಲ್ಲ. ಮೈಸೂರಿನ ಕಷ್ಟವೇ, ಹಲವು ಪಟ್ಟು ದೊಡ್ಡದಾಗಿ. ಶಿವನಸಮುದ್ರದ ಹತ್ತಿರ ಹಿಡಿದ ಕಾವೇರಿಯನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಮಾಡಿ, ಅಲ್ಲಿಂದ ಹಾರೋಹಳ್ಳಿ, ಅಲ್ಲಿಂದ ತಾತಗುಣಿ, ಹೀಗೆ ಮೂರು ಹಂತದಲ್ಲಿ ನೂರು ಕಿಲೋಮೀಟರ್ ದೂರ, ಒಟ್ಟು ಸುಮಾರು ಐದುನೂರು ಮೀಟರಿನಷ್ಟು ಎತ್ತುತ್ತಾರೆ. ಸಾವಿರ ಲೀಟರಿಗೆ ಮೈಸೂರಿನಲ್ಲಿ 0.4 ಯೂನಿಟ್ ಎಂದೆವಲ್ಲ, ಅದೇ ಲೆಕ್ಕ ಹಿಡಿದರೆ ಇಲ್ಲಿ ಎರಡು ಯೂನಿಟ್ಟಿನ ಹತ್ತಿರ. 1974ರಲ್ಲಿ ಮೊದಲ ಹಂತ, 2024ರ ಅಕ್ಟೋಬರಿನಲ್ಲಿ ಐದನೆಯದು. ಐದನೆಯದೊಂದೇ ದಿನಕ್ಕೆ 77.5 ಕೋಟಿ ಲೀಟರಿಗೆ ರೂಪಿಸಿದ್ದು. ತೊರೆಕಾಡನಹಳ್ಳಿಯ ಮೋಟರುಗಳು ಹಗಲು ರಾತ್ರಿ ನಿಲ್ಲುವುದಿಲ್ಲ. ಅದೇ ಮಳವಳ್ಳಿ ತಾಲ್ಲೂಕಿನಲ್ಲಿ ವಿ.ಸಿ. ನಾಲೆಯ ಕೊನೇ ಭಾಗವೂ ಇದೆ. ಅಲ್ಲಿನ ರೈತರು ಸಸಿಗೆ ಒಟ್ಲು ಪಾತಿ ಮಾಡಿಕೊಂಡು, ಭತ್ತದ ಬೀಜ ನೆನೆಹಾಕುವುದೋ ಬೇಡವೋ ಎಂದು, ಈ ಸಲದ ಕಟ್ಟಿನಲ್ಲಿ ನೀರು ತಮ್ಮ ತೂಬಿಗೆ ಯಾವತ್ತು ಬರುತ್ತದೆ ಎಂದು ಸೌಡಿಯನ್ನು ಕೇಳುತ್ತಿರುತ್ತಾರೆ.